ಥಿನ್ನರ್ ಡಬ್ಬ, ಡ್ರಿಲ್ ಮಷೀನು ಮತ್ತು ಕಲಬುರಗಿ ಬಿಸಿಲು

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ತಗಡಿನ ಶೆಡ್ಡು. ಟ್ಯಾಂಕು, ಹಾಪರ್, ಗೇಟುಗಳಿಗೆ ಪೇಂಟ್ ಹೊಡೆಯುವ ಜಾಗ. ಒಳಗೆ ಕಾಲಿಡುತ್ತಿದ್ದಂತೆ ಥಿನ್ನರ್ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಇಪ್ಪತ್ತು ದಾಟದ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ಟನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೈ ಡ್ರಿಲ್ಲಿಗೆ ರಾಡು ಸಿಕ್ಕಿಸಿ ಎಪಾಕ್ಸಿ ಪೇಂಟ್ ಕಲಸುತ್ತಿದ್ದ. ಅವನ ಬೆನ್ನಿಗೆ ಕೂಲರ್ ಗಾಳಿ.

"ಸರ್ರ, ಹತ್ತು ವರ್ಷ ಆತು, ಹಿಂಗೇ ಕಲಸ್ತೀವಿ. ಏನೂ ಆಗಿಲ್ರಿ" ಅಂದರು ಮಾಲೀಕರು. ಈ ಮಾತನ್ನು ನಾನು ಎಷ್ಟು ಶೆಡ್ಡುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ವಾದ ಮಾಡಲಿಲ್ಲ. ಡ್ರಿಲ್ ತೆಗೆದುಕೊಂಡು ಹುಡುಗನನ್ನೂ ಕರೆದುಕೊಂಡು ದೂರದ ಸ್ಟೋರ್ ರೂಮಿಗೆ ಹೋದೆ. ಅಲ್ಲಿ ಪೇಂಟ್ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬಾಗಿಲು ಹಾಕಿ, ಲೈಟ್ ಆರಿಸಿ, ಡ್ರಿಲ್ ಆನ್ ಮಾಡಿದೆ. ಹಿಂಬದಿಯ ಗಾಳಿ ಕಿಂಡಿಗಳಲ್ಲಿ ನೀಲಿ ಕಿಡಿಗಳು ಗಿರಗಿರನೆ ಸುತ್ತಿದವು. ಹುಡುಗ ಬಗ್ಗಿ ನೋಡಿ, "ಒಳಗ ದೀಪಾವಳಿ ನಡದದಲ್ರಿ ಸರ" ಅಂದ.

ಆ ದೀಪಾವಳಿ ಡ್ರಿಲ್ಲಿನ ದೋಷವಲ್ಲ. ಕಾರ್ಬನ್ ಬ್ರಶ್ ಇರುವ ಮೋಟರ್ ಓಡುವುದೇ ಹಾಗೆ. ಬ್ರಶ್ಶು ತಿರುಗುವ ತಾಮ್ರಕ್ಕೆ ಉಜ್ಜುತ್ತದೆ, ಕಿಡಿ ಹಾರುತ್ತದೆ. ಹೊಸ ಡ್ರಿಲ್ಲಲ್ಲೂ ಹಾರುತ್ತದೆ. ಗೋಡೆಗೆ ತೂತು ಕೊರೆಯುವಾಗ ಅದು ಲೆಕ್ಕಕ್ಕಿಲ್ಲ. ಥಿನ್ನರ್ ಆವಿಯ ನಡುವೆ ಲೆಕ್ಕಕ್ಕೆ ಬರುತ್ತದೆ. ಥಿನ್ನರಿನಲ್ಲಿರುವ ಕ್ಸೈಲೀನ್ ಅಥವಾ ಟಾಲ್ವೀನ್ ಆವಿ ಹೊತ್ತಿಕೊಳ್ಳಲು ಮಿಲಿಜೂಲಿನ ಕಾಲು ಭಾಗದಷ್ಟು ಶಕ್ತಿಯ ಕಿಡಿ ಸಾಕು. ಚಳಿಗಾಲದಲ್ಲಿ ಬಾಗಿಲ ಹಿಡಿ ಮುಟ್ಟಿದಾಗ ಬೆರಳಿಗೆ ಚುರ್ ಅನ್ನುತ್ತದಲ್ಲ, ಆ ಕಿಡಿಯಲ್ಲೇ ಇದರ ಕೆಲವು ಪಟ್ಟು ಶಕ್ತಿ ಇರುತ್ತದೆ.

ಹಾಗಾದರೆ ಹತ್ತು ವರ್ಷ ಏನೂ ಆಗದೆ ಇದ್ದದ್ದು ಹೇಗೆ? ಬೆಂಕಿಗೆ ಕಿಡಿಯೊಂದೇ ಸಾಲದು. ಗಾಳಿಯಲ್ಲಿ ಆವಿ ಒಂದು ಪ್ರಮಾಣ ಮುಟ್ಟಿರಬೇಕು. ಕ್ಸೈಲೀನಿಗೆ ಅದು ನೂರಕ್ಕೆ ಸುಮಾರು 1 ಪಾಲು. ಅದಕ್ಕಿಂತ ಕಡಿಮೆಯಿದ್ದರೆ ಹೊತ್ತುವುದಿಲ್ಲ. 7 ಪಾಲು ದಾಟಿದರೂ ಹೊತ್ತುವುದಿಲ್ಲ. ಬಾಗಿಲು ತೆರೆದಿತ್ತು, ಗಾಳಿ ಆಡುತ್ತಿತ್ತು, ಆವಿ ಆ 1 ಪಾಲು ಮುಟ್ಟಲಿಲ್ಲ, ಅಷ್ಟೇ. ಆ 1 ಪಾಲು ದೊಡ್ಡ ಪ್ರಮಾಣವೇನೂ ಅಲ್ಲ. ಒಂದು ಲೀಟರ್ ಕ್ಸೈಲೀನ್ ಪೂರ್ತಿ ಆರಿದರೆ ಸುಮಾರು 200 ಲೀಟರ್ ಆವಿಯಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಏಳಡಿ ಎತ್ತರದ ಕೋಣೆಯ ಗಾಳಿಯನ್ನೆಲ್ಲ ಹೊತ್ತುವ ಮಟ್ಟಕ್ಕೆ ತರಲು ಅಷ್ಟು ಸಾಕು. ಅದೂ ಆವಿ ಸಮನಾಗಿ ಹರಡಿದರೆ. ಅದು ಹಾಗೆ ಹರಡುವುದಿಲ್ಲ. ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬಕೆಟ್ಟಿನ ಅಂಚು ದಾಟಿ ನೆಲಕ್ಕಿಳಿದು ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಆ ಶೆಡ್ಡಿನಲ್ಲಿ ತಗ್ಗು ಎಲ್ಲಿತ್ತು ಗೊತ್ತಾ? ಎಕ್ಸ್‌ಟೆನ್ಶನ್ ಬೋರ್ಡ್ ಇಟ್ಟಿದ್ದ ಜಾಗದಲ್ಲಿ.

ಈಗ ನಮ್ಮ ಊರಿನ ಬಿಸಿಲಿನ ಮಾತು. ಯಾವುದೇ ದ್ರವ ಯಾವ ಉಷ್ಣಾಂಶದಲ್ಲಿ ಹೊತ್ತುವಷ್ಟು ಆವಿ ಬಿಡಲು ಶುರುಮಾಡುತ್ತದೋ ಅದಕ್ಕೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಟಾಲ್ವೀನಿಗೆ ಅದು 4 ಡಿಗ್ರಿ. ಅಂದರೆ ನಮ್ಮಲ್ಲಿ ವರ್ಷವಿಡೀ ಅಪಾಯವೇ. ಕ್ಸೈಲೀನಿಗೆ 25ರಿಂದ 30. ಪೇಂಟ್ ಅಂಗಡಿಯಲ್ಲಿ ಟರ್ಪಂಟೈನ್ ಅಂತ ಕೊಡುವ ಎಂಟಿಒಗೆ (ಮಿನರಲ್ ಟರ್ಪಂಟೈನ್ ಆಯಿಲ್) ಸಾಮಾನ್ಯವಾಗಿ 30ರಿಂದ 40. ಜನವರಿ ಬೆಳಿಗ್ಗೆ ಬೀದರಿನಲ್ಲಿ ಕ್ಸೈಲೀನ್ ಡಬ್ಬ ತೆರೆದಿಟ್ಟರೆ ಅದು ಸುಮ್ನೆ ಕೂತಿರುತ್ತದೆ. ಅದೇ ಡಬ್ಬವನ್ನು ಮೇ ತಿಂಗಳ ಮಧ್ಯಾಹ್ನ, ಹೊರಗೆ 43 ಡಿಗ್ರಿ ಇರುವಾಗ, ತಗಡಿನ ಕೆಳಗೆ ತೆರೆದು ನೋಡಿ. ಕ್ಸೈಲೀನೂ ಗೆರೆ ದಾಟಿರುತ್ತದೆ, ಎಂಟಿಒನೂ ದಾಟಿರುತ್ತದೆ. ಪೆಟ್ರೋಲಿಯಂ ಕಾಯ್ದೆಯಲ್ಲಿ 23 ಡಿಗ್ರಿಗಿಂತ ಕಡಿಮೆ ಫ್ಲ್ಯಾಶ್ ಪಾಯಿಂಟ್ ಇರುವುದು ಎ ದರ್ಜೆ, 23ರಿಂದ 65ರೊಳಗಿನದು ಬಿ ದರ್ಜೆ. ಕಾಗದದ ಮೇಲೆ ಕ್ಸೈಲೀನ್ ಬಿ. ನಮ್ಮ ಬೇಸಿಗೆಯಲ್ಲಿ ಅದರ ನಡವಳಿಕೆ ಎ ದರ್ಜೆಯದು. "ಇದು ಪೆಟ್ರೋಲ್ ಅಲ್ಲ ಬಿಡ್ರಿ" ಅನ್ನುವವರಿಗೆ ನಾನು ಕ್ಯಾಲೆಂಡರ್ ತೋರಿಸುತ್ತೇನೆ.

ಬಿಸಿಲು ಮಷೀನನ್ನೂ ಬಿಡುವುದಿಲ್ಲ. ಇದು ಎಷ್ಟೋ ಎಂಜಿನಿಯರುಗಳಿಗೂ ತಪ್ಪಿಹೋಗುತ್ತದೆ. ಸ್ಫೋಟದ ಅಪಾಯವಿರುವ ಜಾಗಕ್ಕೆ ಅಂತಲೇ ಮಾಡಿದ ಮೋಟರ್, ಸ್ವಿಚ್, ಲೈಟುಗಳಿಗೆ ಸುತ್ತಲಿನ ಉಷ್ಣಾಂಶದ ಮಿತಿ ಇರುತ್ತದೆ. ನೇಮ್ ಪ್ಲೇಟಿನ ಮೇಲೆ ಬೇರೆ ಏನೂ ಬರೆಯದಿದ್ದರೆ ಆ ಮಿತಿ ಮೈನಸ್ 20ರಿಂದ 40 ಡಿಗ್ರಿ. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಆಗ ಆ ಸರ್ಟಿಫಿಕೇಟು ನಮ್ಮ ಮಧ್ಯಾಹ್ನಕ್ಕೆ ಅನ್ವಯಿಸುವುದಿಲ್ಲ. ಹೊಸ ಮಿಕ್ಸರ್ ಕೊಳ್ಳುವಾಗ 50 ಡಿಗ್ರಿವರೆಗೆ ನಡೆಯುತ್ತದೆ ಅಂತ ಪ್ಲೇಟಿನ ಮೇಲೇ ಕೊರೆದಿರುವುದನ್ನು ಕೇಳಿ ತರಿಸಿ. ಬಾಯಿ ಮಾತು ಬೇಡ. ಅದೇ ಪ್ಲೇಟಿನಲ್ಲಿ ಟಿ3, ಟಿ4 ಅಂತಲೂ ಇರುತ್ತದೆ. ಮೋಟರಿನ ಮೈ ಎಷ್ಟು ಬಿಸಿಯಾಗಬಹುದು ಅನ್ನುವ ಲೆಕ್ಕ ಅದು: ಟಿ3 ಅಂದರೆ 200 ಡಿಗ್ರಿ, ಟಿ4 ಅಂದರೆ 135. ಇಲ್ಲೊಂದು ತಮಾಷೆ ಇದೆ. ಕಿಡಿಗೆ ಬೇಗ ಹೊತ್ತುವ ಟಾಲ್ವೀನ್, ಕಿಡಿಯಿಲ್ಲದೆ ಬರೀ ಕಾವಿಗೆ ಹೊತ್ತಬೇಕಾದರೆ 480 ಡಿಗ್ರಿ ಬೇಕು. ಪಾಪದ ಹಾಗೆ ಕಾಣುವ ಎಂಟಿಒಗೆ 230ರಿಂದ 250 ಸಾಕು. ಪ್ಲೇಟ್ ಓದದೆ ಮೋಟರ್ ಕೊಳ್ಳಬಾರದು ಅನ್ನುವುದು ಇದಕ್ಕೇ.

ಪ್ಲೇಟ್ ಓದುವುದೂ ಸುಲಭವಲ್ಲ ಅನ್ನಿ. ಪೇಂಟ್ ಶೆಡ್ಡಿನಲ್ಲಿ ಪೇಂಟ್ ಎಲ್ಲದರ ಮೇಲೂ ಕೂರುತ್ತದೆ, ನೇಮ್ ಪ್ಲೇಟಿನ ಮೇಲೂ.

ಫ್ಲೇಮ್‌ಪ್ರೂಫ್ ಮೋಟರ್ ಅಂದರೆ ಆವಿ ಒಳಗೆ ನುಗ್ಗದ ಮೋಟರ್ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆವಿ ಒಳಗೆ ಹೋಗಿಯೇ ಹೋಗುತ್ತದೆ. ಒಳಗೆ ಹೊತ್ತಿ ಢಮ್ ಅನ್ನಲೂಬಹುದು. ಆ ಏಟನ್ನು ದಪ್ಪ ಕಬ್ಬಿಣದ ಡಬ್ಬ ತಡೆದುಕೊಳ್ಳುತ್ತದೆ. ಬಿಸಿ ಗಾಳಿ ಹೊರಗೆ ಬರುವುದು ಎರಡು ನುಣುಪಾದ ಕಬ್ಬಿಣದ ಮುಖಗಳ ನಡುವಿನ ಕೂದಲೆಳೆಯಷ್ಟು ಸಂದಿನಿಂದ. ಆ ಉದ್ದನೆಯ ಸಂದಿ ದಾಟುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಹೊರಗಿನ ಆವಿ ಹೊತ್ತುವುದಿಲ್ಲ. ಇಡೀ ಜಾಣ್ಮೆ ಇರುವುದು ಆ ಸಂದಿಯಲ್ಲಿ.

ಸೇಡಂ ಕಡೆ ಒಂದು ಶೆಡ್ಡಿನಲ್ಲಿ ಮಿಕ್ಸರಿನ ಫ್ಲೇಮ್‌ಪ್ರೂಫ್ ಮೋಟರಿನ ಟರ್ಮಿನಲ್ ಬಾಕ್ಸ್, ಅಂದರೆ ವೈರ್ ಜೋಡಿಸುವ ಡಬ್ಬ, ನೋಡಿದೆ. ಎಂಟು ಬೋಲ್ಟಿನ ಜಾಗದಲ್ಲಿ ಐದೇ ಇದ್ದವು. ಮುಚ್ಚಳ ತೆಗೆದರೆ ಒಳಗೆ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ಅಚ್ಚುಕಟ್ಟಾದ ಗ್ಯಾಸ್ಕೆಟ್! ಮೇಸ್ತ್ರಿ ಹೆಮ್ಮೆಯಿಂದ, "ಸಿಮೆಂಟ್ ಧೂಳು ಒಳಗ ಹೋಗಬಾರದು ಅಂತ ನಾನೇ ಹಾಕೀನ್ರಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ಕೈಗೆಲಸವೂ ಚೆನ್ನಾಗಿತ್ತು. ಆದರೆ ಆ ರಬ್ಬರಿನಿಂದ ಸಂದಿ ಅಗಲವಾಗಿತ್ತು. ಬೆಂಕಿ ಬಂದರೆ ಮೊದಲು ಸುಡುವುದು ಅದೇ, ಆಮೇಲೆ ದಾರಿ ಸಲೀಸು. ಆ ಮುಖಗಳಿಗೆ ಎಂ-ಸೀಲ್, ಸಿಲಿಕೋನ್ ಪೇಸ್ಟ್, ಪೇಂಟ್ ಯಾವುದೂ ಬೇಡ. ತುಕ್ಕು ಹಿಡಿದರೆ ಮರಳು ಕಾಗದ ಹಾಕಿ ಉಜ್ಜುವುದೂ ಬೇಡ. ತಯಾರಕರು ಹೇಳಿದ ಗ್ರೀಸ್ ತೆಳ್ಳಗೆ ಸವರಿ, ಎಂಟೂ ಬೋಲ್ಟ್ ಬಿಗಿಯಿರಿ. ಧೂಳಿನ ಚಿಂತೆ ಇದ್ದರೆ ಧೂಳಿಗೂ ತಡೆ ಇರುವ ಮೋಟರನ್ನೇ ಕೇಳಿ ತರಿಸಬೇಕು. ಮೋಟರಿನ ಹೊರಗಿನ ಪಟ್ಟಿಗಳ ನಡುವೆ ಸಿಮೆಂಟ್ ಧೂಳೋ ಶಹಾಬಾದ್ ಕಲ್ಲಿನ ಪುಡಿಯೋ ತುಂಬಿದ್ದರೆ ವಾರಕ್ಕೊಮ್ಮೆ ಒರೆಸಿ. ಧೂಳಿನ ಕಂಬಳಿ ಹೊದ್ದ ಮೋಟರ್ ಪ್ಲೇಟಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಕಾಯುತ್ತದೆ.

ಚಳಿಗಾಲದ ಶತ್ರು ಬೇರೆ. ನಮ್ಮಲ್ಲಿ ಡಿಸೆಂಬರ್ ಜನವರಿಯ ಗಾಳಿ ಒಣಗಾಳಿ. ಸ್ವೆಟರ್ ಬಿಚ್ಚಿದರೆ ಚಟಚಟ. ಥಿನ್ನರ್ ಪೈಪಿನಲ್ಲಿ ಹರಿಯುವಾಗ, ಮೇಲಿನಿಂದ ಸುರಿಯುವಾಗ, ಬ್ಲೇಡು ತಿರುಗುವಾಗ ಹುಟ್ಟುವುದೂ ಇದೇ ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಹುಟ್ಟುವ ಚಾರ್ಜು. ಟಾಲ್ವೀನ್, ಕ್ಸೈಲೀನ್ ಕರೆಂಟನ್ನು ಸರಿಯಾಗಿ ಹಾಯಿಸದ ದ್ರವಗಳು. ಹುಟ್ಟಿದ ಚಾರ್ಜು ಒಳಗೇ ಉಳಿಯುತ್ತದೆ. ಅದನ್ನು ವೈರಿನ ಮೂಲಕ ಭೂಮಿಗೆ ಇಳಿಸಲಿಕ್ಕೇ ಡ್ರಮ್ಮಿಗೆ ಅರ್ಥಿಂಗ್ ಕ್ಲ್ಯಾಂಪು.

ಹುಮನಾಬಾದ್ ಹತ್ತಿರದ ಒಂದು ಕಡೆ ಕ್ಲ್ಯಾಂಪು ಇತ್ತು, ಹಸಿರು ವೈರೂ ಇತ್ತು, ನೋಡಲು ಎಲ್ಲ ಸರಿ. ಮಿಕ್ಸರ್ ನಿಲ್ಲಿಸಿ, ಡ್ರಮ್ಮಿಗೆ ಮುಚ್ಚಳ ಹಾಕಿ, ಹೊರಗೆ ತಂದು, ಕರೆಂಟಿಗೆ ದಾರಿ ಇದ್ದರೆ ಬೀಪ್ ಅನ್ನುವ ಮೀಟರ್ ಹಚ್ಚಿದೆ. ಬೀಪ್ ಬರಲಿಲ್ಲ. ಬಗ್ಗಿ ನೋಡಿದರೆ ಕ್ಲ್ಯಾಂಪು ಕಚ್ಚಿದ್ದು ಕಬ್ಬಿಣವನ್ನಲ್ಲ, ಅಂಚಿನ ಮೇಲೆ ಪದರ ಪದರವಾಗಿ ಒಣಗಿದ್ದ ಪೇಂಟನ್ನು. ಕೆಂಪು, ಬೂದು, ಹಸಿರು, ಮತ್ತೆ ಬೂದು. ಆ ಡ್ರಮ್ಮಿನ ಚರಿತ್ರೆಯೆಲ್ಲ ಅಲ್ಲೇ ಇತ್ತು. ಹಿತ್ತಾಳೆ ಪಟ್ಟಿಯಿಂದ ಕೆರೆದು ಬಿಳಿ ಕಬ್ಬಿಣ ಕಾಣುವವರೆಗೂ ತೆಗೆದು ಮತ್ತೆ ಕ್ಲ್ಯಾಂಪು ಹಾಕಿದೆ. ಬೀಪ್. ಆಪರೇಟರ್ ಅಣ್ಣ ನನ್ನ ಮುಖ ನೋಡಿ, "ಅಂದ್ರ ಇಷ್ಟ ದಿನಾ ಸುಮ್ನ ತೂಗಬಿಟ್ಟಿದ್ವೇನ್ರಿ ಇದನ್ನ?" ಅಂದ. ಹೌದು, ಸುಮ್ನೆ ತೂಗುಬಿಟ್ಟಿದ್ದರು. ಚೂಪು ಹಲ್ಲಿನ ಕ್ಲ್ಯಾಂಪು ಹಾಕಿ, ದಿನಾ ಕಲಸುವ ಮೊದಲು ಮೀಟರ್ ನೋಡಿ. ಡ್ರಮ್ಮಿನಿಂದ ಭೂಮಿಗೆ 10 ಓಮ್ ಒಳಗೆ ಬರಬೇಕು. ಕ್ಲ್ಯಾಂಪು ಮೊದಲು ಹಾಕಿ, ಆಮೇಲೆ ಮುಚ್ಚಳ ತೆಗೆಯಿರಿ.

ಪ್ಲಾಸ್ಟಿಕ್ ಬಕೆಟ್ಟಿಗೆ ಏನು ಕ್ಲ್ಯಾಂಪು ಹಾಕಿದರೂ ಪ್ರಯೋಜನವಿಲ್ಲ. ಥಿನ್ನರ್ ಪೇಂಟ್ ಕಲಸುವುದಾದರೆ ಕಬ್ಬಿಣದ ಡಬ್ಬವೇ ಆಗಬೇಕು. ಥಿನ್ನರನ್ನು ಎತ್ತರದಿಂದ ಸುರಿಯದೆ, ಪೈಪಿನ ತುದಿಯನ್ನು ತಳಕ್ಕೆ ಇಳಿಸಿ ನಿಧಾನ ಬಿಡಿ. ಪೌಡರ್ ಚೀಲವನ್ನು, ಅದರಲ್ಲೂ ಒಳಗೆ ಪ್ಲಾಸ್ಟಿಕ್ ಇರುವ ಚೀಲವನ್ನು, ಥಿನ್ನರ್ ತುಂಬಿದ ಡ್ರಮ್ಮಿನ ಬಾಯಿಗೇ ಝಾಡಿಸಬೇಡಿ. ದೊಡ್ಡ ಹೈ ಸ್ಪೀಡ್ ಮಿಕ್ಸರ್ ಇದ್ದರೆ ಬ್ಲೇಡು ಪೂರ್ತಿ ಮುಳುಗಿದ ಮೇಲೆ ಸ್ಪೀಡ್ ಏರಿಸಿ, ಪೂರ್ತಿ ನಿಂತ ಮೇಲೆ ಮೇಲೆತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಪೇಂಟ್ ಸಿಡಿಯುತ್ತದೆ, ಬ್ಲೇಡು ಅಂಚಿಗೆ ತಾಗಿದರೆ ಕಿಡಿಯೂ ಏಳುತ್ತದೆ.

ಕಪನೂರಿನ ಮಾಲೀಕರು ಕೇಳಿದ್ದು ಒಂದೇ: "ಖರ್ಚು ಕಡಿಮಿ ಆಗೋದು ಹೇಳ್ರಿ." ಸಣ್ಣ ಶೆಡ್ಡಿಗೆ ನಾನು ಹೇಳುವುದು ಏರ್ ಮೋಟರಿನ ಮಿಕ್ಸರ್. ಕರೆಂಟ್ ಬದಲು ಕಂಪ್ರೆಸರ್ ಗಾಳಿಯಿಂದ ತಿರುಗುತ್ತದೆ. ಬ್ರಶ್ಶೂ ಇಲ್ಲ, ವೈರೂ ಇಲ್ಲ. ಪೇಂಟ್ ಗಟ್ಟಿಯಾಗಿ ಬ್ಲೇಡು ಸಿಕ್ಕಿಕೊಂಡರೆ ಮೋಟರ್ ಸುಡುವುದಿಲ್ಲ, ನಿಂತುಬಿಡುತ್ತದೆ. ಕಂಪ್ರೆಸರ್ ಅವರ ಹತ್ತಿರ ಸ್ಪ್ರೇ ಗನ್ನಿಗೆ ಅಂತ ಆಗಲೇ ಇತ್ತು. ಅದನ್ನು ಗೋಡೆಯ ಆಚೆ, ಆವಿ ಬರದ ಕಡೆ ಇಡಬೇಕು, ಅಷ್ಟೇ. ಈ ಮಿಕ್ಸರಿಗೂ ಅಪಾಯದ ಜಾಗಕ್ಕೆ ಆಗುತ್ತದೆ ಅನ್ನುವ ಗುರುತು ಇರಬೇಕು, ಡ್ರಮ್ಮಿಗೆ ಕ್ಲ್ಯಾಂಪೂ ಬೇಕು.

ಕೂಲರ್ ತೆಗೆಸುವುದು ಡ್ರಿಲ್ ತೆಗೆಸಿದ್ದಕ್ಕಿಂತ ಕಷ್ಟವಾಯಿತು. ಅದರ ಮೋಟರೂ ಪಂಪೂ ಸ್ವಿಚ್ಚೂ ಸಾದಾ. ಮೇಲಾಗಿ ಅದು ಆವಿಯನ್ನು ತಳ್ಳುತ್ತಿದ್ದದ್ದು ನೇರ ವೆಲ್ಡಿಂಗ್ ಮಾಡುವ ಕಡೆಗೆ. ಬದಲಿಗೆ ನೆಲದಿಂದ ಒಂದಡಿ ಮೇಲೆ ಫ್ಲೇಮ್‌ಪ್ರೂಫ್ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಆವಿ ಕೆಳಗಿರುವಾಗ ಫ್ಯಾನ್ ಮಾಡಿನ ಹತ್ತಿರ ಇದ್ದು ಏನು ಮಾಡುತ್ತದೆ? ಕರೆಂಟ್ ಹೋಗಿ ಬಂದರೆ ಮೊದಲು ಫ್ಯಾನ್, ಹತ್ತು ನಿಮಿಷ ಬಿಟ್ಟು ಮಿಕ್ಸರ್. ತಾನಾಗಿ ಶುರುವಾಗದ ಸ್ಟಾರ್ಟರ್ ಇರಬೇಕು. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲವಲ್ಲ.

ಗಾಳಿಯಲ್ಲಿ ಆವಿ ಎಷ್ಟಿದೆ ಅಂತ ಅಳೆಯುವ ಗ್ಯಾಸ್ ಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಅದು ಸಾಮಾನ್ಯವಾಗಿ ಕೂಗುವುದು ಹೊತ್ತುವ ಮಟ್ಟದ ಹತ್ತನೇ ಒಂದು ಭಾಗ ಮುಟ್ಟಿದಾಗ. ಕ್ಸೈಲೀನಿಗೆ ಲೆಕ್ಕ ಹಾಕಿದರೆ ಅದು ಸುಮಾರು 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು. ಎಂಟು ಗಂಟೆ ಕೆಲಸಕ್ಕೆ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿದ್ದ ಮಿತಿ 100. ಮೀಟರ್ ಸುಮ್ಮನಿದ್ದರೂ ಹುಡುಗನ ತಲೆ ತಿರುಗುತ್ತಿರಬಹುದು. ಅವನಿಗೆ ಆವಿ ತಡೆಯುವ ಮಾಸ್ಕ್ ಬೇಕು, ಬಟ್ಟೆ ಕಟ್ಟಿದರೆ ಆಗುವುದಿಲ್ಲ.

ಒರೆಸಿದ ಬಟ್ಟೆಯನ್ನು ಮೂಲೆಗೆ ಗುಡ್ಡೆ ಹಾಕಬೇಡಿ. ಎಣ್ಣೆ ಪೇಂಟ್ ಮೆತ್ತಿದ ಕಾಟನ್ ವೇಸ್ಟ್ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ, ಯಾರ ಕಿಡಿಯೂ ಬೇಡ. ನೀರು ಹಾಕಿದ, ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ ಸಂಜೆ ಶೆಡ್ಡಿನಿಂದ ಹೊರಗಿಡಿ.

ಕೂಲರ್ ಹೋದ ಮೇಲೆ ಹುಡುಗರು ಸೆಕೆಗೆ ಬೈದುಕೊಂಡರು. ತಪ್ಪಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಬಾಗಿಲು ಹಾಕುತ್ತವೆ. ಪೇಂಟ್ ಕಲಸುವವರಿಗೆ ಆ ಭಾಗ್ಯ ಯಾಕಿಲ್ಲ ಅಂತ ಮಾಲೀಕರನ್ನು ಕೇಳಿದೆ. ಈಗ ಆ ಶೆಡ್ಡಿನಲ್ಲಿ ಬೇಸಿಗೆಯಲ್ಲಿ ಕಲಸುವ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಆಮೇಲೆ ಡ್ರಮ್ಮುಗಳಿಗೆ ಮುಚ್ಚಳ ಬೀಳುತ್ತದೆ, ಹುಡುಗರು ಚಾ ಕುಡಿಯಲು ರಸ್ತೆ ದಾಟುತ್ತಾರೆ. ಕೂಲರ್ ಮಾಲೀಕರ ಆಫೀಸ್ ಕಿಟಕಿಯಲ್ಲಿದೆ.