ಅಂಕಪಟ್ಟಿಯಲ್ಲಿ ಮುದ್ರಣವಾಗದ ಸಂಖ್ಯೆ

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸ್ಕ್ರೂಗೇಜು ಹಿಡಿದು ತಂತಿಯ ದಪ್ಪವನ್ನು ಅಳೆಯಲು ನಿಂತ ವಿದ್ಯಾರ್ಥಿಗೆ ಅಧ್ಯಾಪಕರು ಮೊದಲು ಹೇಳುವ ಮಾತೆಂದರೆ, ಒಂದೇ ಸಲ ಅಳೆದು ಬರೆಯಬೇಡ, ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆ, ಉತ್ತರದ ಪಕ್ಕದಲ್ಲಿ ದೋಷದ ಮಿತಿಯನ್ನೂ, ಎಂದರೆ ಅಳತೆ ಎಷ್ಟು ಆಚೀಚೆ ಆಗಿರಬಹುದೆಂಬುದನ್ನೂ, ಬರೆ ಎಂಬುದು. ಅದೇ ವಿದ್ಯಾರ್ಥಿಯ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ದಿನ ಈ ಪಾಠವನ್ನು ಎಲ್ಲರೂ ಮರೆತುಬಿಡುತ್ತಾರೆ. ಮೊಬೈಲಿನ ಪರದೆಯ ಮೇಲೆ ಕಂಡ ಮೊತ್ತವನ್ನು ಮಗುವಿನ ಬುದ್ಧಿಯ ಕಡೆಯ ಲೆಕ್ಕವೆಂದೇ ನಂಬಿ, ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಿಂದ ಹಿಡಿದು ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳವರೆಗೆ ಎಷ್ಟೋ ಮನೆಗಳಲ್ಲಿ ಆ ಸಂಜೆ ಒಲೆ ಹೊತ್ತುವುದಿಲ್ಲ. ಅಂಕವೂ ಒಂದು ಅಳತೆ, ಆದ್ದರಿಂದ ಅದಕ್ಕೂ ಒಂದು ದೋಷದ ಮಿತಿ ಇದ್ದೇ ಇದೆ. ಅಂಕಪಟ್ಟಿಯಲ್ಲಿ ಅದನ್ನು ಮುದ್ರಿಸುವುದಿಲ್ಲ, ಅಷ್ಟೇ. ಆ ಮುದ್ರಣವಾಗದ ಸಂಖ್ಯೆಯ ಬಗ್ಗೆಯೇ ಈ ಲೇಖನ.

ದೋಷವನ್ನೇ ಅಳೆಯುವ ವಿದ್ಯೆ ಬೆಳೆದದ್ದು ಮುಖ್ಯವಾಗಿ ಖಗೋಳಶಾಸ್ತ್ರಜ್ಞರ ಕೈಯಲ್ಲಿ, ಮತ್ತು ಅದರ ಚರಿತ್ರೆಯಲ್ಲಿ ಅನ್ಯಾಯಕ್ಕೆ ಒಳಗಾದ ಒಬ್ಬ ತರುಣನಿದ್ದಾನೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮಾಸ್ಕೆಲಿನ್ ಮುಖ್ಯಸ್ಥರಾಗಿದ್ದಾಗ ಡೇವಿಡ್ ಕಿನ್ನೆಬ್ರೂಕ್ ಎಂಬವನು ಅವರ ಸಹಾಯಕನಾಗಿದ್ದನು. ನಕ್ಷತ್ರವೊಂದು ದೂರದರ್ಶಕದೊಳಗಿನ ಎಳೆಯನ್ನು ದಾಟುವ ಕ್ಷಣವನ್ನು, ಗಡಿಯಾರದ ಬಡಿತವನ್ನು ಕೇಳುತ್ತಲೇ ಕಣ್ಣಂದಾಜಿನಿಂದ ಗುರುತಿಸುವುದು ಅವನ ಕೆಲಸ. ಅವನು ಗುರುತಿಸುತ್ತಿದ್ದ ಕ್ಷಣ ಮಾಸ್ಕೆಲಿನ್ ಗುರುತಿಸಿದ್ದಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿರುತ್ತಿತ್ತು. ಎಚ್ಚರಿಸಿದರೂ ತಿದ್ದಿಕೊಳ್ಳಲಿಲ್ಲವೆಂದು 1796ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಮುಂದೆ ಈ ದಾಖಲೆಯನ್ನು ಓದಿದ ಜರ್ಮನಿಯ ಫ್ರೆಡ್ರಿಕ್ ಬೆಸ್ಸೆಲ್, ತನ್ನ ವೀಕ್ಷಣೆಗಳನ್ನು ಇತರ ನುರಿತ ಖಗೋಳಜ್ಞರ ವೀಕ್ಷಣೆಗಳೊಂದಿಗೆ ಹೋಲಿಸಿ ನೋಡಿದನು. ಅತ್ಯಂತ ಎಚ್ಚರಿಕೆಯ ಇಬ್ಬರ ನಡುವೆಯೂ ಒಂದು ಸೆಕೆಂಡಿನಷ್ಟು ವ್ಯತ್ಯಾಸ ಬಂತು. ಮಾಸ್ಕೆಲಿನ್ ತಪ್ಪು ವಿಧಾನವೆಂದು ತಿಳಿದದ್ದು ಮನುಷ್ಯನ ನೋಟದಲ್ಲೇ ಅಡಗಿದ್ದ ಗುಣವಾಗಿತ್ತು.

ಖಗೋಳದ ಈ ಲೆಕ್ಕವನ್ನು ಪರೀಕ್ಷೆಯ ಕೊಠಡಿಗೆ ತಂದವನು ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ಎಜ್‌ವರ್ತ್. 1888ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು, ಒಂದು ಉತ್ತರ ಪತ್ರಿಕೆಯ ನಿಜವಾದ ಬೆಲೆಯೆಂದರೆ ಸಮಾನ ಅರ್ಹತೆಯುಳ್ಳ ಅನೇಕ ಪರೀಕ್ಷಕರು ಕೊಡುವ ಅಂಕಗಳ ಸರಾಸರಿ, ಒಬ್ಬ ಪರೀಕ್ಷಕ ಕೊಟ್ಟ ಅಂಕ ಆ ಬೆಲೆಯ ಆಚೀಚೆ ಬೀಳುವ ಒಂದು ವೀಕ್ಷಣೆ ಮಾತ್ರ ಎಂದು ವಾದಿಸಿದನು. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಇದನ್ನು ಪರೀಕ್ಷಿಸಿಯೇ ನೋಡಿದರು. ಪ್ರೌಢಶಾಲೆಯ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿಗಳನ್ನು 142 ಅಧ್ಯಾಪಕರು ತಿದ್ದಿದಾಗ, ಮೊದಲನೆಯದಕ್ಕೆ 64ರಿಂದ 98ರವರೆಗೆ, ಎರಡನೆಯದಕ್ಕೆ 50ರಿಂದ 97ರವರೆಗೆ ಅಂಕಗಳು ಬಂದವು. ಭಾಷೆಯ ಪತ್ರಿಕೆಯಲ್ಲಿ ಹೀಗಾಗುವುದು ಸಹಜವೆಂದು ಟೀಕೆ ಬಂದಾಗ ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಕೊಟ್ಟರು. ಅಲ್ಲಿಯೂ ಅಂಕಗಳು ಹಾಗೆಯೇ ಚದುರಿದವು. ಇಂದು ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಅಧ್ಯಾಪಕರ ಮುಂದೆ ಮಾದರಿ ಉತ್ತರ, ಅಂಕ ಹಂಚಿಕೆಯ ಪಟ್ಟಿ ಎಲ್ಲವೂ ಇರುತ್ತವೆ, ಅದರಿಂದ ಚದುರುವಿಕೆ ಬಹಳಷ್ಟು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ.

ಪರೀಕ್ಷಕರ ಕಣ್ಣಿನ ದೋಷವನ್ನು ಸಂಪೂರ್ಣ ತೆಗೆದರೂ ಇನ್ನೊಂದು ದೋಷ ಉಳಿಯುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಅದರ ಬಣ್ಣ, ಸುಕ್ಕು, ತೇವಗಳನ್ನು ನೋಡಿ ಇಡೀ ಚೀಲವನ್ನು ಅಂದಾಜು ಮಾಡುವಂತೆ, ಪ್ರಶ್ನೆಪತ್ರಿಕೆಯು ವರ್ಷವಿಡೀ ಕಲಿತ ಪಠ್ಯದೊಳಗಿನಿಂದ ಒಂದು ಹಿಡಿಯನ್ನಷ್ಟೇ ತೆಗೆಯುತ್ತದೆ. ಕೈಗೆ ಬಿಳಿಚಿದ ಕಾಯಿಗಳೇ ಹೆಚ್ಚು ಸಿಕ್ಕರೆ ಒಳ್ಳೆಯ ಚೀಲಕ್ಕೂ ಕಡಿಮೆ ಬೆಲೆ ಬರುತ್ತದೆ. ಇದನ್ನು ಲೆಕ್ಕ ಹಾಕಬಹುದು. ಪಠ್ಯದ ನೂರಕ್ಕೆ 70 ಭಾಗವನ್ನು ಖಚಿತವಾಗಿ ಬಲ್ಲ ವಿದ್ಯಾರ್ಥಿನಿಗೆ ಸಮಾನ ಅಂಕಗಳ 40 ಪ್ರಶ್ನೆಗಳನ್ನು ಯಾದೃಚ್ಛಿಕವಾಗಿ ಆರಿಸಿ ಕೊಟ್ಟರೆಂದು ಭಾವಿಸೋಣ. 0.7 ಮತ್ತು 0.3ರ ಗುಣಲಬ್ಧವನ್ನು 40ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.072 ಬರುತ್ತದೆ, ಅಂದರೆ ಅವಳ ಅಂಕದ ಮಾನಕ ವಿಚಲನೆ (ಅಂಕವು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಚದುರುತ್ತದೆ ಎಂಬ ಅಳತೆ) ನೂರಕ್ಕೆ ಸುಮಾರು 7. ಹೀಗಾಗಿ ಮೂರರಲ್ಲಿ ಎರಡು ಸಲ ಅವಳ ಅಂಕ 63 ಮತ್ತು 77ರ ನಡುವೆ ಇರುತ್ತದೆ. ಸುಮಾರು ಆರು ಸಲದಲ್ಲೊಮ್ಮೆ 63ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅವಳು ಕಲಿತದ್ದರಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲದೆಯೇ ಇಷ್ಟೆಲ್ಲ ಆಗುತ್ತದೆ. ನಿಜವಾದ ಪರೀಕ್ಷೆಯಲ್ಲಿ ಪ್ರಶ್ನೆಗಳ ತೂಕ ಬೇರೆ ಬೇರೆ, ಅರ್ಧ ಉತ್ತರಕ್ಕೂ ಅಂಕ ಉಂಟು, ಆಯ್ಕೆಯೂ ಉಂಟು, ಆದ್ದರಿಂದ ಸಂಖ್ಯೆ ಸ್ವಲ್ಪ ಆಚೀಚೆ ಆದೀತು, ಆದರೆ ತತ್ವ ಬದಲಾಗದು.

ಆರು ವಿಷಯಗಳನ್ನು ಕೂಡಿಸಿದಾಗ ಒಂದರ ಏರು ಇನ್ನೊಂದರ ಇಳಿತವನ್ನು ತುಸು ಸರಿದೂಗಿಸುವುದರಿಂದ ಒಟ್ಟು ಮೊತ್ತದ ದೋಷ ನೂರಕ್ಕೆ ಮೂರರಷ್ಟಕ್ಕೆ, ಎಂದರೆ 600ಕ್ಕೆ ಸುಮಾರು 18 ಅಂಕಗಳಿಗೆ ಇಳಿಯುತ್ತದೆ. ಎಂಜಿನಿಯರಿಂಗ್ ಪ್ರವೇಶಕ್ಕೆ ಮಾತ್ರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನೇ ಪರಿಗಣಿಸುವುದರಿಂದ ಅಲ್ಲಿ ದೋಷ ಮತ್ತೆ ಹಿಗ್ಗುತ್ತದೆ. ಈ ರ‍್ಯಾಂಕಿನಲ್ಲಿ ಪಿಯುಸಿ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕವಿದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳಿರುವುದರಿಂದ ಅಲ್ಲಿನ ಹಿಡಿ ತುಸು ದೊಡ್ಡದು, ದೋಷ ತುಸು ಚಿಕ್ಕದು. ಎರಡು ಅಳತೆಗಳನ್ನು ಕೂಡಿಸಿದ್ದು ನ್ಯಾಯದ ದೃಷ್ಟಿಯಿಂದ ಒಳ್ಳೆಯ ಕ್ರಮವೆಂದು ನಾನು ಭಾವಿಸುತ್ತೇನೆ.

ಈ ಲೆಕ್ಕವನ್ನು ತಪ್ಪಾಗಿ ಬಳಸಬಾರದು. 45 ಅಂಕ ಬಂದವರಿಗೆ ನಿಜವಾಗಿ 90 ಬರಬೇಕಾಗಿತ್ತು ಎಂದು ಯಾವ ದೋಷಸಿದ್ಧಾಂತವೂ ಹೇಳುವುದಿಲ್ಲ. 88 ಮತ್ತು 83ರ ನಡುವಿನ ವ್ಯತ್ಯಾಸವನ್ನು ಇಬ್ಬರು ಮಕ್ಕಳ ಬುದ್ಧಿಯ ವ್ಯತ್ಯಾಸವೆಂದು ಸಾರುವ ಮಾತಿಗೆ ಆಧಾರವಿಲ್ಲ ಎಂದಷ್ಟೇ ಅದು ಹೇಳುತ್ತದೆ, ಮತ್ತು ಅಷ್ಟನ್ನು ಬಹಳ ಗಟ್ಟಿಯಾಗಿ ಹೇಳುತ್ತದೆ.

ಇಲ್ಲಿಂದ ಹೊರಡುವ ಒಂದು ಪರಿಣಾಮವಂತೂ ನಮ್ಮ ಭಾಗದ ಪ್ರತಿ ಪಾಲಕರಿಗೂ ತಿಳಿದಿರಬೇಕು. ನಿರೀಕ್ಷೆಗಿಂತ ಬಹಳ ಕಡಿಮೆ ಅಂಕ ಪಡೆದವರನ್ನೆಲ್ಲ ಒಂದೆಡೆ ಸೇರಿಸಿದರೆ, ಆ ಗುಂಪಿನಲ್ಲಿ ದೋಷವು ತಮ್ಮ ವಿರುದ್ಧ ಬಿದ್ದವರೇ ಹೆಚ್ಚಿರುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ಅದೇ ದುರದೃಷ್ಟ ಎಲ್ಲರಿಗೂ ಮರುಕಳಿಸುವುದಿಲ್ಲವಾದ್ದರಿಂದ, ಏನನ್ನೂ ಮಾಡದಿದ್ದರೂ ಆ ಗುಂಪಿನ ಸರಾಸರಿ ಮೇಲೇರುತ್ತದೆ. ಇದು ಸರಾಸರಿಯತ್ತ ಮರಳುವಿಕೆ. ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಯಾಗಿ ಅವರಷ್ಟು ಎತ್ತರವಿರುವುದಿಲ್ಲ ಎಂಬುದನ್ನು ಅಳೆದು ತೋರಿಸಿ, 1886ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟವನು ಫ್ರಾನ್ಸಿಸ್ ಗಾಲ್ಟನ್. ಇಸ್ರೇಲಿನ ವಾಯುಪಡೆಯ ತರಬೇತುದಾರರು, ಹೊಗಳಿದ ಮರುದಿನ ಪೈಲಟ್ ಕೆಡುತ್ತಾನೆ, ಬೈದ ಮರುದಿನ ಸುಧಾರಿಸುತ್ತಾನೆ ಎಂದು ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಅವರ ಮುಂದೆ ವಾದಿಸಿದಾಗ, ಅದು ಬೈಗುಳದ ಶಕ್ತಿಯಲ್ಲ, ಗಾಲ್ಟನ್ ಕಂಡ ನಿಯಮವೇ ಎಂದು ಅವರು ತೋರಿಸಿಕೊಟ್ಟರು. ತೀರ ಕೆಟ್ಟ ಹಾರಾಟದ ಮುಂದಿನ ಹಾರಾಟ ಸಾಮಾನ್ಯವಾಗಿ ಅದಕ್ಕಿಂತ ಒಳ್ಳೆಯದಾಗಿಯೇ ಇರುತ್ತದೆ, ಯಾರು ಬೈದರೂ ಬಿಟ್ಟರೂ.

ಮನೆಗಳಲ್ಲಿ ನಡೆಯುವುದೂ ಇದೇ. ಫಲಿತಾಂಶ ಕೆಟ್ಟಾಗ ಮಾತ್ರ ಬೈಯುತ್ತೇವೆ, ಫಲಿತಾಂಶ ಕೆಟ್ಟಾಗ ಮಾತ್ರ ಜಾತಕ ತೆಗೆದುಕೊಂಡು ಓಡುತ್ತೇವೆ. ಸಾಡೇಸಾತಿಯೆಂದು ಹೇಳಿ ಬೆರಳಿಗೆ ನೀಲಮಣಿ ಹಾಕಿಸುವವರಿದ್ದಾರೆ, ಹೆಸರಿಗೆ ಒಂದು ಅಕ್ಷರ ಸೇರಿಸುವವರಿದ್ದಾರೆ, ನೆನಪಿನ ಶಕ್ತಿಯ ಲೇಹ್ಯ ಮಾರುವವರಿದ್ದಾರೆ. ಮುಂದಿನ ಪರೀಕ್ಷೆಯಲ್ಲಿ ಅಂಕ ಏರುತ್ತದೆ, ಅದರ ಕೀರ್ತಿ ಉಂಗುರಕ್ಕೆ ಸಲ್ಲುತ್ತದೆ, ಸುದ್ದಿ ಓಣಿಯಲ್ಲೆಲ್ಲ ಹರಡುತ್ತದೆ. ಉಂಗುರದ ಪರಿಣಾಮವನ್ನು ತಿಳಿಯಬೇಕಾದರೆ, ಅಷ್ಟೇ ಕಡಿಮೆ ಅಂಕ ಪಡೆದು ಉಂಗುರ ಹಾಕದೆ ಮತ್ತೆ ಬರೆದವರ ಅಂಕ ಎಷ್ಟು ಏರಿತೆಂದು ನೋಡಬೇಕು. ಆ ಹೋಲಿಕೆಯನ್ನು ಯಾವ ಜ್ಯೋತಿಷಿಯೂ ಮುಂದಿಡುವುದಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಒಂದು ಗಳಿಗೆ ಕುಳಿತು ಮನಸ್ಸಿಗೆ ಸಮಾಧಾನ ತಂದುಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ಮಗುವಿನ ಮುಂದಿನ ಶುಲ್ಕಕ್ಕೆಂದು ಕೂಡಿಟ್ಟ ಹಣ ಹರಳಿಗೆ ಹೋಗುವುದು, ಮತ್ತು ತನ್ನ ದುಡಿಮೆಯಿಂದ ಬಂದ ಏರಿಕೆಯನ್ನೂ ಆ ಮಗು ಶನಿಯ ಕೃಪೆಯೆಂದು ನಂಬುವುದು ನನ್ನನ್ನು ಕಾಡುತ್ತದೆ.

ಮತ್ತೆ ಬರೆಯುವ ಅವಕಾಶದ ಬೆಲೆಯನ್ನೂ ಇದೇ ಲೆಕ್ಕ ಹೇಳುತ್ತದೆ. ಕರ್ನಾಟಕದಲ್ಲಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸಿ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಲು ಬಿಡುವ ಪದ್ಧತಿ ಬಂದಿತು. ಒಂದೇ ಮಟ್ಟದ ಸಿದ್ಧತೆಯಲ್ಲಿ ಎರಡು ಸಲ ಬರೆದು ಹೆಚ್ಚಿನದನ್ನು ಇಟ್ಟುಕೊಂಡರೆ, ಆ ಅಂಕ ನಿಜ ಮಟ್ಟಕ್ಕಿಂತ ಸರಾಸರಿ 0.56 ಮಾನಕ ವಿಚಲನೆಯಷ್ಟು ಮೇಲಿರುತ್ತದೆ. ವಿಚಲನೆ 7 ಎಂದಾದರೆ ಇದು ಸುಮಾರು 4 ಅಂಕ. ಮೂರು ಸಲ ಬರೆದರೆ ಸುಮಾರು 6. ಹೊಸದಾಗಿ ಏನೂ ಕಲಿಯದೆ ಸಿಗುವ ಲಾಭವಿದು. ಮತ್ತೆ ಪರೀಕ್ಷೆಗೆ ಕುಳಿತರೆ ಮರ್ಯಾದೆ ಹೋಗುತ್ತದೆಂದು ಹಿಂಜರಿಯುವ ಕುಟುಂಬಗಳು ಈ ಲಾಭವನ್ನು ಸುಮ್ಮನೆ ಬಿಟ್ಟುಕೊಡುತ್ತಿವೆ.

ಕಲಿತು ಬರೆದರೆ ಲಾಭ ಇನ್ನೂ ಹೆಚ್ಚು, ಆದರೆ ಹೇಗೆ ಕಲಿಯುವುದು ಎಂಬಲ್ಲಿ ಹಳೆಯ ತಪ್ಪೇ ಮರುಕಳಿಸುತ್ತದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರು ನೂರಕ್ಕೆ 83, ಬರೆದವರು 71 ಭಾಗ ನೆನಪಿಟ್ಟಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರು 40ಕ್ಕೆ ಕುಸಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಹೆಚ್ಚಾಗಿದ್ದದ್ದು ಓದಿದವರಲ್ಲಿಯೇ. ‘ಎಲ್ಲಾ ಓದಿದ್ದೆ, ಆದ್ರ ಪರೀಕ್ಷಾದಾಗ ಏನೂ ನೆನಪಾಗ್ಲಿಲ್ಲ’ ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಮತ್ತೆ ಮತ್ತೆ ಓದಿದಾಗ ಹುಟ್ಟುವ ಪರಿಚಯದ ಭಾವವನ್ನೇ ಅದು ಕಲಿಕೆಯೆಂದು ನಂಬಿತ್ತು.

ಸೋಲಿನ ನೋವಿನ ಬಗ್ಗೆಯೂ ಪ್ರಯೋಗಗಳಿವೆ. ಡೇನಿಯಲ್ ಗಿಲ್ಬರ್ಟ್, ತಿಮೊತಿ ವಿಲ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾಯಂ ಹುದ್ದೆ ತಪ್ಪಿದರೆ ವರ್ಷಗಟ್ಟಲೆ ದುಃಖದಲ್ಲಿರುತ್ತೇವೆಂದು ಯುವ ಪ್ರಾಧ್ಯಾಪಕರು ಊಹಿಸಿದ್ದರು. ನಿಜವಾಗಿ ತಪ್ಪಿಹೋದವರು ಅಷ್ಟು ದೀರ್ಘಕಾಲ ದುಃಖದಲ್ಲಿರಲಿಲ್ಲ. ಇದಕ್ಕೂ ಮೊದಲು, 1982ರಲ್ಲಿ, ವಿಲ್ಸನ್ ಮತ್ತು ಪೆಟ್ರೀಷಿಯಾ ಲಿನ್‌ವಿಲ್ ಒಂದು ಚಿಕ್ಕ ಪ್ರಯೋಗ ನಡೆಸಿದ್ದರು. ಕಡಿಮೆ ಅಂಕಗಳಿಂದ ಕಂಗೆಟ್ಟಿದ್ದ ಕಾಲೇಜಿನ ಮೊದಲ ವರ್ಷದವರಲ್ಲಿ ಕೆಲವರಿಗೆ, ಮೊದಲು ಎಡವಿದ ಅನೇಕರು ಮುಂದಿನ ವರ್ಷಗಳಲ್ಲಿ ಸುಧಾರಿಸಿದ್ದಾರೆ ಎಂಬ ಮಾಹಿತಿಯನ್ನಷ್ಟೇ ಕೊಟ್ಟರು. ಆ ಮಾಹಿತಿ ಸಿಗದ ಗುಂಪಿಗಿಂತ ಇವರಲ್ಲಿ ಕಾಲೇಜು ಬಿಟ್ಟವರು ಕಡಿಮೆ, ಅಂಕಗಳಲ್ಲಿ ಏರಿಕೆ ಹೆಚ್ಚು. ಹೋಲಿಕೆಯ ಗುಂಪು ಇದ್ದುದರಿಂದ ಸರಾಸರಿಯತ್ತ ಮರಳುವಿಕೆಯೊಂದರಿಂದಲೇ ಇದನ್ನು ವಿವರಿಸಲಾಗದು. ಇಷ್ಟಾದರೂ ಮೊದಲ ಕೆಲವು ದಿನಗಳ ನೋವು ನಿಜವಾದದ್ದು, ಕೆಲವರಲ್ಲಿ ಅಪಾಯಕಾರಿಯಾದದ್ದು. ಮಗು ಊಟ, ಮಾತು ಬಿಟ್ಟಿದ್ದರೆ, ಬದುಕೇ ಬೇಡವೆಂಬ ಮಾತಾಡಿದ್ದರೆ ಒಂಟಿಯಾಗಿ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಡಿಮ್ಹಾನ್ಸ್, ಇದೆ.

ಉಳಿದ ಕೆಲಸಗಳಿಗೆ ಸಮಯ ಕಡಿಮೆ. ಅಂಕ ಅನುಮಾನ ತರುವಷ್ಟು ಕಡಿಮೆಯಿರುವ ವಿಷಯಕ್ಕೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ವಿಷಯದ ಅಧ್ಯಾಪಕರ ಜೊತೆ ಕುಳಿತು ನೋಡಿ, ಬಿಟ್ಟುಹೋದ ಅಂಕ ಕಂಡರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವುದು ವಿವೇಕ. ಎರಡನೆಯ ಪರೀಕ್ಷೆಗೆ ಹೆಸರು ಕೊಟ್ಟವರು ಅದರ ಅಂಕವನ್ನು ಸಿಇಟಿ ರ‍್ಯಾಂಕಿಗೆ ಹೇಗೆ ಸೇರಿಸುತ್ತಾರೆಂಬುದನ್ನು ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಬೇಕು. ವೈದ್ಯಕೀಯ ಸೀಟಿಗೆ ನೀಟ್ ಅಂಕವೇ ಆಧಾರವಾದ್ದರಿಂದ ಅಲ್ಲಿ ಪಿಯುಸಿ ಅಂಕ ಅರ್ಹತೆಗಷ್ಟೇ ಬೇಕು. ಇವುಗಳ ದಾರಿ ಕಾಯುತ್ತ ಪದವಿ ಕಾಲೇಜಿನ ಅರ್ಜಿಯನ್ನು ಮುಂದೂಡುವುದು ಪ್ರತಿವರ್ಷ ಕಾಣುವ ತಪ್ಪು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಇರಲಿ, ಗದಗ ಅಥವಾ ಹಾವೇರಿಯ ಸರ್ಕಾರಿ ಪದವಿ ಕಾಲೇಜು ಇರಲಿ, ಬಿ.ಎಸ್ಸಿ.ಗೆ ಅರ್ಜಿ ಹಾಕಿಟ್ಟುಕೊಂಡೇ ಎರಡನೆಯ ಪರೀಕ್ಷೆ ಬರೆಯಬಹುದು, ಸಿಇಟಿ ಸೀಟು ಸಿಕ್ಕರೆ ಆಗ ಬದಲಾಯಿಸಿಕೊಳ್ಳಬಹುದು; ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಹಣ ಮತ್ತು ಮೂಲ ದಾಖಲೆಗಳನ್ನು ಹಿಂದಿರುಗಿಸುವ ನಿಯಮವೇನೆಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ, ಲಿಖಿತವಾಗಿ ಪಡೆದುಕೊಳ್ಳಬೇಕು.