ಬೇಸ್ ಪೂರ್ತಿ ಏರಿಸಿದರೂ ಡೋರ್ ಮಾತ್ರ ಗಡಗಡ ಅನ್ನುತ್ತದೆ, ಏನು ಮಾಡಲಿ?

ಪ್ರಶ್ನೆ: ಕಾರಿನ ಸ್ಟೀರಿಯೋದಲ್ಲಿ ಬೇಸ್ ಪೂರ್ತಿ ಏರಿಸಿದ್ದೇನೆ. ಆದರೂ ದನಿಗೆ ತೂಕವೇ ಇಲ್ಲ, ಡೋರ್ ನಡುಗುವುದೇ ಜಾಸ್ತಿ. ಸಬ್‌ವೂಫರ್ (ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್) ಹಾಕಿಸಲೇಬೇಕಾ?

ಉತ್ತರ: ಹಾಕಿಸಬಹುದು. ಆದರೆ ಮೊದಲು ಮಾಡಬೇಕಾದ ಕೆಲಸ ಅದಲ್ಲ. ಈಗಿರುವ ಸ್ಪೀಕರ್‌ಗಳಲ್ಲೇ ಹುಟ್ಟುವ ಬೇಸ್ ಎಲ್ಲಿ ಸೋರಿ ಹೋಗುತ್ತಿದೆ ಅಂತ ನೋಡಿ.

ಮೊದಲು ಬೇಸ್ ಅನ್ನು ಮತ್ತೆ ಸೊನ್ನೆಗೆ ಇಳಿಸಿ. ಬೇಸ್ 3 ಡೆಸಿಬಲ್ (ದನಿಯ ಮಟ್ಟದ ಅಳತೆ) ಏರಿದರೆ ಆಂಪ್ಲಿಫೈಯರ್ ಆ ಭಾಗಕ್ಕೆ ಎರಡು ಪಟ್ಟು ಪವರ್ ಕೊಡಬೇಕು. 12 ಡೆಸಿಬಲ್ ಏರಿಸಿದರೆ ಸುಮಾರು 16 ಪಟ್ಟು! ಡ್ಯಾಶ್‌ಬೋರ್ಡ್‌ನಲ್ಲಿರುವ ಪುಟ್ಟ ಆಂಪ್‌ಗೆ ಅಷ್ಟು ಶಕ್ತಿ ಎಲ್ಲಿದೆ? ಅದಕ್ಕೇ ದನಿ ಒಡೆಯುತ್ತದೆ.

ಆಮೇಲೆ ವೈರ್ ನೋಡಿ. ಎಡ, ಬಲ ಡೋರ್‌ಗಳಲ್ಲಿ ಒಂದರ ಪ್ಲಸ್, ಮೈನಸ್ ಅದಲು ಬದಲಾಗಿದ್ದರೆ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡೂ ಸೇರಿ ಬೇಸ್ ಅನ್ನು ಅಲ್ಲೇ ಕೊಂದುಬಿಡುತ್ತವೆ. ಪರೀಕ್ಷೆ ಸುಲಭ. ಸ್ಟೀರಿಯೋ ಕಡೆ ವೈರ್ ಬಿಚ್ಚಿ, ಪ್ಲಸ್ ವೈರಿಗೆ 1.5 ವೋಲ್ಟ್ ಸೆಲ್‌ನ ಪ್ಲಸ್, ಮೈನಸ್‌ಗೆ ಮೈನಸ್ ಒಂದೇ ಕ್ಷಣ ಮುಟ್ಟಿಸಿ. ಟಪ್ ಅಂತ ಸದ್ದಾಗಿ ಕೋನ್ (ಸ್ಪೀಕರಿನ ಅಲುಗಾಡುವ ಮುಂಭಾಗ) ಹೊರಗೆ ಬಂದರೆ ಸರಿ ಇದೆ. ಒಳಗೆ ಹೋದರೆ ವೈರ್ ತಿರುಗಾ ಮುರುಗಾ ಆಗಿದೆ. ಡೋರ್ ಸ್ಪೀಕರ್‌ಗಳನ್ನೆಲ್ಲ ಹೀಗೇ ನೋಡಿ. ಬೇರೆ ಅಂಗಡಿಯಲ್ಲಿ ಸ್ಪೀಕರ್ ಬದಲಾಯಿಸಿದ ಕಾರಾದರೆ ಇದನ್ನು ಬಿಡಲೇಬೇಡಿ.

ನನ್ನ ಪ್ರಕಾರ ನಿಜವಾದ ಗುಟ್ಟು ಇರುವುದು ಡೋರಿನಲ್ಲಿ. ಸ್ಪೀಕರ್‌ನ ಮುಂದೆ ಎಷ್ಟು ದನಿ ಹುಟ್ಟುತ್ತದೋ ಹಿಂದೆಯೂ ಅಷ್ಟೇ ಹುಟ್ಟುತ್ತದೆ, ಆದರೆ ಉಲ್ಟಾ. ಡೋರಿನ ಒಳಬದಿಯ ಪ್ಯಾಡ್ ಬಿಚ್ಚಿ ನೋಡಿದರೆ ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು ಕಾಣುತ್ತವೆ. ಎಷ್ಟೋ ಕಾರುಗಳಲ್ಲಿ ಅವಕ್ಕೆ ಬರೀ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಿಂದಿನ ದನಿ ಅಲ್ಲಿಂದ ನುಗ್ಗಿ ಬಂದು ಮುಂದಿನದನ್ನು ಅಳಿಸುತ್ತದೆ. ಆ ತೂತುಗಳನ್ನು ಮುಚ್ಚಿ, ತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ನಡುಕ ತಡೆಯುವ ರಬ್ಬರಿನಂಥ ಹಾಳೆ) ಒತ್ತಿ ಅಂಟಿಸಿ, ಸ್ಪೀಕರ್ ಸುತ್ತ ಫೋಮ್ ರಿಂಗ್ ಹಾಕಿ. ಅದೇ ಸ್ಪೀಕರ್, ಅದೇ ಸ್ಟೀರಿಯೋ, ಆದರೂ ದನಿ ಮೈ ತುಂಬಿಕೊಳ್ಳುತ್ತದೆ. ಗಡಗಡವೂ ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಡೋರಿನ ತಳದಲ್ಲಿ ಮಳೆನೀರು ಇಳಿದುಹೋಗುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಪ್ಯಾಡ್ ಕೂರಿಸುವ ಮುಂಚೆ ಗಾಜು ಏರಿಸಿ ಇಳಿಸಿ ನೋಡಿ.

ಇಷ್ಟಾದ ಮೇಲೂ ಎದೆಗೆ ತಟ್ಟುವ ಬೇಸ್ ಬೇಕು ಅಂದರೆ ಸಬ್‌ವೂಫರ್ ಬೇಕೇ ಬೇಕು. ಆರೂವರೆ ಇಂಚಿನ ಡೋರ್ ಸ್ಪೀಕರ್ 60 ಹರ್ಟ್ಸ್‌ಗಿಂತ ಕೆಳಗಿನ, ಅಂದರೆ ತೀರಾ ತಗ್ಗಿನ ದನಿಯನ್ನು ಜೋರಾಗಿ ನುಡಿಸುವುದು ಕಷ್ಟ. ಕೊಳ್ಳುವಾಗ ಡಬ್ಬದ ಮೇಲಿನ ಪೀಕ್ ವ್ಯಾಟ್ (ಒಂದು ಕ್ಷಣದ ಗರಿಷ್ಠ ಪವರ್) ನೋಡಬೇಡಿ, ಆರ್‌ಎಂಎಸ್ (ಸತತವಾಗಿ ತಡೆಯುವ ಪವರ್) ನೋಡಿ. ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್‌ನಲ್ಲಿ ಬೇಸ್ ಬಿಗಿಯಾಗಿ ಬರುತ್ತದೆ, ಜಾಗವೂ ಕಡಿಮೆ ಸಾಕು. ಗಾಳಿಕಿಂಡಿ ಇರುವ ಪೋರ್ಟೆಡ್ ಬಾಕ್ಸ್ ಅಷ್ಟೇ ಪವರ್‌ಗೆ ಹೆಚ್ಚು ಸದ್ದು ಕೊಡುತ್ತದೆ, ಆದರೆ ದೊಡ್ಡದು. ದಿನಾ ಹಾಡು ಕೇಳುವವರಿಗೆ ನಾನು ಸೀಲ್ಡ್ ಅನ್ನೇ ಹೇಳುತ್ತೇನೆ. ಸಬ್‌ವೂಫರ್ ನಡೆಸುವ ಆಂಪ್‌ಗೆ ಹೋಗುವ ಪವರ್ ವೈರ್ ದಪ್ಪಗಿರಲಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ವೈರ್ ಎಲ್ಲಾದರೂ ಸವೆದು ಕಾರಿನ ತಗಡಿಗೆ ತಾಗಿದಾಗ ಬೆಂಕಿ ಹತ್ತಬಹುದು.

ಸೆಟ್ಟಿಂಗ್‌ನಲ್ಲಿ ಸಬ್‌ಗೆ ಲೋ ಪಾಸ್ (ತಗ್ಗಿನ ದನಿಯನ್ನಷ್ಟೇ ಬಿಡುವ ಫಿಲ್ಟರ್), ಡೋರ್‌ಗಳಿಗೆ ಹೈ ಪಾಸ್ (ಮೇಲಿನ ದನಿಯನ್ನಷ್ಟೇ ಬಿಡುವುದು), ಎರಡನ್ನೂ 80 ಹರ್ಟ್ಸ್ ಹತ್ತಿರ ಇಟ್ಟು ಶುರು ಮಾಡಿ. ಕೊನೆಗೆ ಡ್ರೈವರ್ ಸೀಟಿನಲ್ಲಿ ಕೂತು, ಬೇಸ್ ಗಿಟಾರ್ ಸ್ಪಷ್ಟವಾಗಿರುವ ಹಾಡು ಹಾಕಿ. ಇನ್ನೊಬ್ಬರಿಗೆ ಸಬ್‌ನ ಫೇಸ್ (phase) ಸ್ವಿಚ್, ಅಂದರೆ ಅದರ ದನಿಯನ್ನು ಉಲ್ಟಾ ಮಾಡುವ ಸ್ವಿಚ್ ಅನ್ನು 0 ಮತ್ತು 180ರ ನಡುವೆ ಬದಲಾಯಿಸಲು ಹೇಳಿ. ಯಾವುದರಲ್ಲಿ ಬೇಸ್ ತುಂಬಿ ಬಂದು, ಡಿಕ್ಕಿಯಿಂದಲ್ಲ, ಮುಂದಿನಿಂದಲೇ ಬಂದ ಹಾಗೆ ಕೇಳಿಸುತ್ತದೋ ಅಲ್ಲೇ ಬಿಡಿ.