ನರ್ಸ್ ಪ್ರತಿ ಸಲ ಹೆಸರು ಕೇಳುವುದು ಯಾಕೆ?

ಪ್ರಶ್ನೆ: ನಮ್ಮ ತಾಯಿಯನ್ನು ಕೊಪ್ಪಳದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಕೈಗೆ ಹೆಸರು, ನಂಬರ್ ಇರುವ ಪಟ್ಟಿ ಕಟ್ಟಿದ್ದರೂ ಮಾತ್ರೆ ಕೊಡುವಾಗ, ರಕ್ತ ತೆಗೆಯುವಾಗ, ಎಕ್ಸ್‌ರೇಗೆ ಕರೆದೊಯ್ಯುವಾಗ, ಪ್ರತಿ ಸಲ "ನಿಮ್ಮ ಹೆಸರೇನು?" ಎಂದೇ ಕೇಳುತ್ತಿದ್ದರು. ಮೊದಲೇ ಸಂಕಟದಲ್ಲಿರುವ ಮುದುಕಿಯನ್ನು ಹೀಗೆ ಕಾಡುವುದು ಯಾಕೆ? ಜೊತೆಗಿದ್ದ ನಾವು ಹೇಳಿದರೆ ಸಾಲದೇ?

ಉತ್ತರ: ಕೇಳುವವರು ಸರಿಯಾಗಿಯೇ ಕೆಲಸ ಮಾಡುತ್ತಿದ್ದಾರೆ. ಏನೂ ಕೇಳದೆ ಮಾತ್ರೆ ಕೈಗಿಟ್ಟು ಹೋದರೆ ಆಗ ಚಿಂತೆ ಮಾಡಬೇಕು.

ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಹುಲಿಗಿಗೆ ನಡೆದುಕೊಳ್ಳುವ ಮನೆಗಳಲ್ಲಿ ಹುಲಿಗೆಮ್ಮ, ಗವಿಮಠದ ಭಕ್ತರಲ್ಲಿ ಗವಿಸಿದ್ದಪ್ಪ, ಬಳ್ಳಾರಿ ಸುತ್ತ ದುರ್ಗಮ್ಮ, ರಾಯಚೂರು ಕಡೆ ರಾಘವೇಂದ್ರ, ಇನ್ನು ಹನುಮಂತಪ್ಪ, ಬಸಮ್ಮ, ಮಲ್ಲಮ್ಮ ಇಲ್ಲದ ಊರೇ ಇಲ್ಲ. ಒಂದೇ ಹೆರಿಗೆ ವಾರ್ಡಿನಲ್ಲಿ ಒಂದೇ ಹೊತ್ತಿಗೆ ಇಬ್ಬರು ಹುಲಿಗೆಮ್ಮಂದಿರು ಮಲಗಿರುವುದು ಇಲ್ಲಿ ದೊಡ್ಡ ಕಾಕತಾಳೀಯವಲ್ಲ. ಅವರಲ್ಲೊಬ್ಬರ ರಕ್ತ ಎ ಗುಂಪಿನದು, ಇನ್ನೊಬ್ಬರದು ಓ ಗುಂಪಿನದು ಎಂದುಕೊಳ್ಳಿ. ಎ ಗುಂಪಿನ ರಕ್ತ ತಪ್ಪಿ ಓ ಗುಂಪಿನವರಿಗೆ ಏರಿದರೆ ಜೀವಕ್ಕೇ ಅಪಾಯ.

ಹಾಗಾಗಿ ನಿಯಮ ಹೀಗಿದೆ: ಮಾತ್ರೆ, ಸೂಜಿ, ರಕ್ತ, ಪರೀಕ್ಷೆ, ಆಪರೇಷನ್ ಯಾವುದೇ ಇರಲಿ, ಪ್ರತಿ ಸಲವೂ ಕನಿಷ್ಠ ಎರಡು ಗುರುತು ತಾಳೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿ ಸುರಕ್ಷತೆಗೆಂದು ಒಂಬತ್ತು ಉಪಾಯಗಳನ್ನು ಮುಂದಿಟ್ಟಾಗ ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳುವುದೂ ಅವುಗಳಲ್ಲಿತ್ತು. ಒಂದು ಗುರುತು ಪೂರ್ತಿ ಹೆಸರು. ಎರಡನೆಯದಕ್ಕೆ ಹಲವು ದೇಶಗಳಲ್ಲಿ ಹುಟ್ಟಿದ ತಾರೀಕು ನಡೆಯುತ್ತದೆ. ನಮ್ಮಲ್ಲಿ ಅದನ್ನು ನಂಬಿಕೊಂಡರೆ ಕಷ್ಟ. ಹಿರಿಯರಲ್ಲಿ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಇರುವುದು ಅಂದಾಜಿನ ಜನವರಿ 1. ವಯಸ್ಸು ಕೇಳಿದರೆ "ಅರವತ್ತು ಆಗಿರಬೇಕ್ರಿ" ಎನ್ನುತ್ತಾರೆ. ಆದ್ದರಿಂದ ಆಸ್ಪತ್ರೆ ಕೊಡುವ ಐಪಿ (ಒಳರೋಗಿ) ನಂಬರ್ ಅಥವಾ ನೋಂದಣಿ ನಂಬರೇ ಗಟ್ಟಿ. ಅದರ ಜೊತೆಗೆ ಗಂಡನ ಅಥವಾ ತಂದೆಯ ಹೆಸರು, ಊರು ಕೇಳಿದರೆ ಇನ್ನೂ ಒಳ್ಳೆಯದು.

ಹಾಸಿಗೆ ನಂಬರ್ ಮಾತ್ರ ಗುರುತು ಅಲ್ಲವೇ ಅಲ್ಲ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ರೋಗಿ ಫ್ಯಾನ್ ಇರುವ ಕಡೆಗೆ ಜಾಗ ಬದಲಿಸುತ್ತಾರೆ, ಇಲ್ಲವೇ ವರಾಂಡದಲ್ಲಿ ಹೋಗಿ ಕೂರುತ್ತಾರೆ. ಖಾಲಿ ಮಂಚದ ಮೇಲೆ ರಾತ್ರಿಯೆಲ್ಲ ನಿದ್ದೆಗೆಟ್ಟ ಮಗಳು ಒರಗಿರುತ್ತಾಳೆ. "12ನೇ ಬೆಡ್ಡಿನವರು" ಎಂದು ಸೂಜಿ ಹಿಡಿದು ಬಂದವರಿಗೆ ಕಾಣುವುದು ಮಂಚದ ಮೇಲಿರುವವರು, ರೋಗಿಯಲ್ಲ.

ಕೇಳುವ ಮಾತಿನಲ್ಲೂ ಒಂದು ಕ್ರಮವಿದೆ. ಶುಶ್ರೂಷಾ ವಿದ್ಯಾರ್ಥಿಗಳಿಗೆ ಕಲಿಸುವಾಗ ಹೆಚ್ಚು ತಿದ್ದಬೇಕಾಗುವುದು ಇಲ್ಲಿಯೇ. "ನೀವು ಹುಲಿಗೆಮ್ಮನಾ?" ಎಂದು ಕೇಳಬಾರದು, "ನಿಮ್ಮ ಹೆಸರು ಹೇಳ್ರಿ" ಎನ್ನಬೇಕು. ಕಿವಿ ಮಂದ ಇರುವವರು, ಜ್ವರದ ಮಂಪರಿನಲ್ಲಿರುವವರು, ತೆಲುಗೋ ಉರ್ದುವೋ ಮನೆಮಾತಾಗಿದ್ದು ಕನ್ನಡ ಅಷ್ಟು ಬಾರದವರು, ಸುಮ್ಮನೆ ಬಿಳಿ ಕೋಟಿಗೆ ಹೆದರುವವರು, ಇವರೆಲ್ಲ ಯಾವ ಹೆಸರು ಕೂಗಿದರೂ "ಹೂಂ" ಎಂದುಬಿಡುತ್ತಾರೆ. ತರಗತಿಯಲ್ಲಿ ಇದನ್ನು ಆಡಿಯೇ ಕಲಿಸಬೇಕು. ಒಬ್ಬಳು ರೋಗಿಯಾಗಿ ಮಲಗಿ ತಪ್ಪು ಹೆಸರಿಗೂ ತಲೆಯಾಡಿಸಲಿ, ಇನ್ನೊಬ್ಬಳು ಮೋಸಹೋಗಲಿ. ಒಂದು ಸಲ ಮೋಸಹೋದವಳು ಮರುದಿನದಿಂದ ಪ್ರಶ್ನೆ ಬದಲಿಸುತ್ತಾಳೆ.

ರೋಗಿ ಹೇಳಿದ ಹೆಸರನ್ನು ಕೈಪಟ್ಟಿಗೆ, ಕೈಪಟ್ಟಿಯ ನಂಬರನ್ನು ಔಷಧಿ ಚೀಟಿಗೆ ತಾಳೆ ಹಾಕಬೇಕು. ಔಷಧಿಯನ್ನು ಮೂರು ಹಂತದಲ್ಲಿ ನೋಡಬೇಕು: ಕಪಾಟಿನಿಂದ ತೆಗೆಯುವಾಗ, ಸಿದ್ಧ ಮಾಡುವಾಗ, ಕೊಡುವ ಮುನ್ನ ರೋಗಿಯ ಪಕ್ಕದಲ್ಲಿ. ಕೈಬಿಟ್ಟು ಹೋಗುವುದು ಬಹುಪಾಲು ಮೂರನೆಯದೇ. ಆ ಹೊತ್ತಿಗೆ ಟ್ರೇಯಲ್ಲಿ ಎಂಟು ಜನರ ಮಾತ್ರೆ ಇರುತ್ತದೆ, ಹಿಂದಿನಿಂದ ಯಾರೋ ಕೂಗುತ್ತಿರುತ್ತಾರೆ.

ಇನ್ನು ನೀವು ಕೇಳಿದ್ದು, ಜೊತೆಗಿದ್ದವರು ಹೇಳಿದರೆ ಸಾಲದೇ? ರೋಗಿಗೆ ಮಾತು ಬರುವಾಗ ಅವರೇ ಹೇಳಲಿ. ಪ್ರಜ್ಞೆ ಇಲ್ಲದಿದ್ದರೆ, ಮಗುವಾಗಿದ್ದರೆ, ನೆನಪು ತಪ್ಪಿದ್ದರೆ ನೀವು ಹೇಳಿ. ಆಗಲೂ ಕೈಪಟ್ಟಿ ನೋಡಲೇಬೇಕು. ಮನೆಯಲ್ಲಿ ಕರೆಯುವ ಹೆಸರು ಬೇಡ, ದಾಖಲೆಯಲ್ಲಿ ಇರುವ ಹೆಸರೇ ಬರಲಿ. ಮನೆಮಂದಿಗೆ "ಸಣ್ಣವ್ವ" ಆದವಳು ಕಾರ್ಡಿನಲ್ಲಿ ಈರಮ್ಮ ಆಗಿರುತ್ತಾಳೆ. ಸೇರಿಸುವಾಗಲೇ ಕೈಪಟ್ಟಿ ಓದಿಸಿಕೊಳ್ಳಿ. ಹೆಸರು, ವಯಸ್ಸು, ಗಂಡು ಹೆಣ್ಣು ಸರಿ ಇದೆಯೇ ನೋಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು 'ಎಂ' ಹಾಕಿದರೆ ಇನ್ನೊಬ್ಬರು ಎರಡು ಹಾಕಿರುತ್ತಾರೆ. ಲ್ಯಾಬ್ ಚೀಟಿಗೂ ಕೇಸ್‌ಶೀಟಿಗೂ ಅಕ್ಷರ ಬೇರೆಯಾದರೆ ರಿಪೋರ್ಟ್ ಬೇರೆಯವರ ಫೈಲಿಗೆ ಹೋಗಬಹುದು. ಕೈ ಊದಿತೆಂದು, ಡ್ರಿಪ್ ಹಾಕಬೇಕೆಂದು ಪಟ್ಟಿ ಕತ್ತರಿಸಿದರೆ ಕೂಡಲೇ ಇನ್ನೊಂದು ಕೈಗೆ ಹೊಸದು ಕಟ್ಟಿಸಿ. ತಲೆದಿಂಬಿನ ಕೆಳಗಿಟ್ಟ ಪಟ್ಟಿಯಿಂದ ಪ್ರಯೋಜನವಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಚಿಕಿತ್ಸೆಯ ಖರ್ಚು ಉಳಿಯಲೆಂದು ಅಕ್ಕನ ಕಾರ್ಡಿನಲ್ಲಿ ತಂಗಿಯನ್ನು ಸೇರಿಸಬೇಡಿ. ಕಷ್ಟ ಅರ್ಥವಾಗುತ್ತದೆ, ಆದರೆ ಹಾಗೆ ಮಾಡಿದರೆ ಅಕ್ಕನ ಹಳೆಯ ರಕ್ತದ ಗುಂಪು, ಅಕ್ಕನ ಅಲರ್ಜಿ, ಅಕ್ಕನ ಸಕ್ಕರೆ ಕಾಯಿಲೆ ಎಲ್ಲ ತಂಗಿಯ ಫೈಲಿಗೆ ಬಂದು ಕೂರುತ್ತವೆ. ಮುಂದೆ ಅಕ್ಕನೇ ಆಸ್ಪತ್ರೆಗೆ ಬಂದಾಗ ತಂಗಿಯ ವಿವರ ಅವಳನ್ನು ಕಾಡುತ್ತದೆ. ನರ್ಸ್ ಎಷ್ಟೇ ಶ್ರದ್ಧೆಯಿಂದ ತಾಳೆ ನೋಡಿದರೂ ಈ ತಪ್ಪು ಸಿಗುವುದಿಲ್ಲ, ಯಾಕೆಂದರೆ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ರಕ್ತ ಕೊಡುವಾಗ ಗುರುತಿನ ತಪ್ಪಿಗೆ ಕ್ಷಮೆ ಇಲ್ಲ. ತಪ್ಪು ಹುಟ್ಟುವುದು ರಕ್ತ ಏರಿಸುವಾಗ ಮಾತ್ರವಲ್ಲ, ಎಷ್ಟೋ ಸಲ ಹಿಂದಿನ ದಿನ ಸ್ಯಾಂಪಲ್ ತೆಗೆಯುವಾಗಲೇ. ಟ್ಯೂಬಿನ ಮೇಲೆ ಹೆಸರು ಬರೆಯಬೇಕಾದದ್ದು ರಕ್ತ ತೆಗೆದ ಮೇಲೆ, ರೋಗಿಯ ಪಕ್ಕದಲ್ಲೇ ನಿಂತು. ನರ್ಸಿಂಗ್ ಸ್ಟೇಷನ್ನಿನಲ್ಲಿ ಐದು ಖಾಲಿ ಟ್ಯೂಬಿಗೆ ಮೊದಲೇ ಚೀಟಿ ಅಂಟಿಸಿ ಹೊರಟರೆ ಎರಡು ಅದಲುಬದಲಾಗಲು ಒಂದು ಫೋನ್ ಕರೆ ಸಾಕು. ಚೀಲ ಬಂದಾಗ ಇಬ್ಬರು ಸಿಬ್ಬಂದಿ ರೋಗಿಯ ಮಗ್ಗುಲಲ್ಲೇ ಹೆಸರು, ನಂಬರ್, ಗುಂಪು, ಚೀಲದ ಸಂಖ್ಯೆ, ಅವಧಿ ಮುಗಿಯುವ ದಿನ ಓದಿ ತಾಳೆ ನೋಡಬೇಕು. ಬ್ಲಡ್ ಬ್ಯಾಂಕಿನಿಂದ ಹೊರಬಂದ ಚೀಲವನ್ನು 30 ನಿಮಿಷದೊಳಗೆ ಶುರುಮಾಡಿ 4 ಗಂಟೆಯೊಳಗೆ ಮುಗಿಸಬೇಕು. ಮೊದಲ 15 ನಿಮಿಷ ನೀವೂ ಪಕ್ಕದಲ್ಲೇ ಇರಿ. ಓ ಗುಂಪಿನವರ ಮೈಯಲ್ಲಿ ಎ ಗುಂಪಿನ ವಿರುದ್ಧ ಹೋರಾಡುವ ಪ್ರತಿಕಾಯ ಮೊದಲೇ ಇರುವುದರಿಂದ, ತಪ್ಪಿ ಎ ಗುಂಪಿನ ರಕ್ತ ಏರಿಸಿದರೆ ಮೊದಲ ಕೆಲವು ಮಿಲಿಲೀಟರ್ ಒಳಹೋಗುವಷ್ಟರಲ್ಲೇ ಕೆಂಪು ಕಣಗಳು ಒಡೆಯತೊಡಗುತ್ತವೆ. ನಡುಕ, ಜ್ವರ, ಸೊಂಟ ಅಥವಾ ಬೆನ್ನುನೋವು, ಎದೆ ಬಿಗಿತ, ಸೂಜಿ ಹಾಕಿದಲ್ಲಿ ಉರಿ, ಮೂತ್ರ ಕಪ್ಪುಗೆಂಪು, ಇವುಗಳಲ್ಲಿ ಒಂದು ಕಂಡರೂ ಜೋರಾಗಿ ಕೂಗಿ. ಸಿಬ್ಬಂದಿ ತಕ್ಷಣ ರಕ್ತ ನಿಲ್ಲಿಸಿ, ಹೊಸ ಸೆಟ್ ಹಾಕಿ ಸಲೈನ್ ಬಿಟ್ಟು, ಡಾಕ್ಟರನ್ನು ಕರೆಯಬೇಕು. ಚೀಲವನ್ನು ಎಸೆಯಬಾರದು, ಅದು ಬ್ಲಡ್ ಬ್ಯಾಂಕಿಗೆ ವಾಪಸ್ ಹೋಗಬೇಕು.

ಆಪರೇಷನ್ನಿಗೆ ಹೆಸರಿನ ಜೊತೆ ಎಡ ಬಲವೂ ಸೇರುತ್ತದೆ. ಪೊರೆ ತೆಗೆಯುವ ಕಣ್ಣಿನ ಮೇಲ್ಭಾಗದಲ್ಲಿ ಗುರುತು ಹಾಕುವಾಗ ರೋಗಿ ಎಚ್ಚರವಿರಬೇಕು, ಯಾವ ಕಣ್ಣೆಂದು ಅವರೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆಗೆ ಮುಂಚೆ ಕೇಳುವ ಮೊದಲ ಅಂಶವೇ ರೋಗಿಯ ಗುರುತು, ಜಾಗ, ಯಾವ ಆಪರೇಷನ್, ಒಪ್ಪಿಗೆ.

ಹುಟ್ಟಿದ ಮಗುವಿಗೆ ಹೆಸರೇ ಇರುವುದಿಲ್ಲ, "ಹುಲಿಗೆಮ್ಮನ ಮಗು" ಎಂದಷ್ಟೇ. ತಾಯಿಗೊಂದು ಮಗುವಿಗೊಂದು ಒಂದೇ ನಂಬರಿನ ಪಟ್ಟಿಯನ್ನು ಹೆರಿಗೆ ಕೋಣೆಯಲ್ಲೇ ಕಟ್ಟಬೇಕು, ಅವಳಿಯಾದರೆ ಒಂದು ಎರಡು ಎಂದು ಬರೆಯಬೇಕು. ಅಮೆರಿಕದಲ್ಲಿ ಎರಡು ನವಜಾತ ಶಿಶು ಘಟಕಗಳಲ್ಲಿ ತಾಯಿಯ ಹೆಸರನ್ನೂ ಸೇರಿಸಿ ಪ್ರತಿ ಕೂಸಿಗೂ ಬೇರೆಬೇರೆ ಹೆಸರು ದಾಖಲಿಸಿದಾಗ ತಪ್ಪು ಮಗುವಿನ ಹೆಸರಿಗೆ ಆರ್ಡರ್ (ಔಷಧಿ, ಪರೀಕ್ಷೆಯ ಸೂಚನೆ) ಬರೆಯುವುದು ಶೇ 36ರಷ್ಟು ಇಳಿಯಿತು ಎಂದು 2015ರ ಅಧ್ಯಯನ ಹೇಳುತ್ತದೆ.

ಔಷಧಿಗಳಲ್ಲೂ ಹುಲಿಗೆಮ್ಮಂದಿರಿದ್ದಾರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಎರಡನ್ನೂ ಅವಸರದ ಕೈಬರಹದಲ್ಲಿ ಓದಿ ನೋಡಿ. ಗುಳಿಗೆ ಯಾವುದಕ್ಕೆ ಎಂದು ಕೇಳುವುದು ನಿಮ್ಮ ಹಕ್ಕು. ಬಾಟಲಿಗೂ ಗುರುತಿದೆ, ಅದು ಬ್ಯಾಚ್ ನಂಬರ್, ಒಟ್ಟಿಗೆ ತಯಾರಾದ ಬಾಟಲಿಗಳಿಗೆಲ್ಲ ಒಂದೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಡ್ರಿಪ್ ಮೂಲಕ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಇಂಥ ಹೊತ್ತಿನಲ್ಲಿ ಯಾರಿಗೆ ಯಾವ ಬ್ಯಾಚ್ ಏರಿತ್ತು ಎಂಬುದು ಕೇಸ್‌ಶೀಟಿನಲ್ಲಿ ಇದ್ದರೆ ಮಾತ್ರ ಉಳಿದ ಬಾಟಲಿಗಳನ್ನು ಬೇಗ ಹಿಂದಕ್ಕೆ ಪಡೆಯಬಹುದು. ಔಷಧಿಯ ಅಡ್ಡಪರಿಣಾಮವನ್ನು ರೋಗಿಗಳೇ 1800-180-3024ಕ್ಕೆ ಉಚಿತವಾಗಿ ಕರೆಮಾಡಿ ತಿಳಿಸಬಹುದು.

ಇದನ್ನೆಲ್ಲ ಜನರಿಗೆ ಕಲಿಸಲು ನಮ್ಮ ಭಾಗಕ್ಕೆ ಒಂದು ದಿನ ತಾನಾಗಿ ಒದಗಿದೆ. ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17, 2019ರಿಂದ ವಿಶ್ವ ರೋಗಿ ಸುರಕ್ಷತಾ ದಿನವೂ ಹೌದು. ಬಾವುಟ ಹಾರಿಸಿದ ಮೇಲೆ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೆ ಕೈಪಟ್ಟಿ ಎಂದರೇನು ಎಂದು ಹತ್ತು ನಿಮಿಷ ತೋರಿಸಿದರೂ ಸಾಕು. ಭಾಷಣ ಬೇಡ, ಒಂದು ಪಟ್ಟಿ, ಒಂದು ಔಷಧಿ ಚೀಟಿ ಕೈಗೆ ಕೊಟ್ಟು "ಹೊಂದುತ್ತದೆಯೇ ನೋಡ್ರಿ" ಎನ್ನಬೇಕು.

ನಿಮ್ಮ ತಾಯಿಯ ವಿಷಯಕ್ಕೆ ಬಂದರೆ, ಮುಂದಿನ ಸಲ ಒಂದು ಚೀಟಿ ಬರೆದಿಡಿ: ಕಾರ್ಡಿನಲ್ಲಿರುವ ಹೆಸರು, ಗಂಡನ ಹೆಸರು, ಊರು, ಐಪಿ ನಂಬರ್, ಈಗಾಗಲೇ ನುಂಗುತ್ತಿರುವ ಗುಳಿಗೆಗಳು, ಯಾವ ಔಷಧಿಗೆ ಮೈಮೇಲೆ ಗಂಧೆ ಎದ್ದಿತ್ತು ಎಂಬುದು. ರಕ್ತದ ಗುಂಪನ್ನು ನೆನಪಿನಿಂದ ಬರೆಯಬೇಡಿ, ಅದನ್ನು ಆಸ್ಪತ್ರೆಯೇ ಪರೀಕ್ಷಿಸಲಿ. ಹಗಲು ನೀವು ಕೂತು ರಾತ್ರಿ ತಮ್ಮ ಬರುವುದಾದರೆ, ಹೋಗುವ ಮುನ್ನ ಆ ಚೀಟಿಯನ್ನು ಅವನಿಗೆ ಓದಿ ಹೇಳಿ ಕೊಟ್ಟು ಹೋಗಿ.